ಕುರ್ಚಿ ಹೋಯಿತು, ಕೇಸು ಉಳಿಯಿತು

ಕಾರಡಗಿಯ ವಕೀಲ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದು ಎಂಟು ತಿಂಗಳ ಮಾತು. ಆ ಅಧಿಕಾರ ಕಳೆದುಕೊಂಡ ಬಗೆಯನ್ನು ಪ್ರಶ್ನಿಸಿ ಅವರು ಹೂಡಿದ ದಾವೆ ಮಾತ್ರ ದೇಶದ ಎಲ್ಲ ರಾಜ್ಯ ಸರ್ಕಾರಗಳಿಗೂ ಇಂದಿಗೂ ಕಾವಲಾಗಿ ನಿಂತಿದೆ.

ಗುತ್ತಲ ಇಂದು, ಕಾರಡಗಿಯೂ ಇರುವ ಹಾವೇರಿ ಜಿಲ್ಲೆಯ ಒಂದು ಸಾಧಾರಣ ಪಟ್ಟಣ. ಎಂಟುನೂರು ವರ್ಷಗಳ ಹಿಂದೆ ಇದು ಗುತ್ತವೊಳಲು, ಗುತ್ತ ಮನೆತನದ ರಾಜಧಾನಿ. ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರು ತಾವೆಂದು ಶಾಸನಗಳಲ್ಲಿ ಹೇಳಿಕೊಂಡ ಈ ಅರಸರು ಅಸಲಿಗೆ ಮಾಂಡಲಿಕರು. ಮೊದಲು ಕಲ್ಯಾಣದ ಚಾಲುಕ್ಯರಿಗೆ, ಮುಂದೆ ದೇವಗಿರಿಯ ಸೇವುಣರಿಗೆ ತಲೆಬಾಗಿ ಆಳಿದವರು. ತುಂಗಭದ್ರೆಯ ದಂಡೆಯ ಮೇಲಿನ ಚೌಡದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳಲ್ಲಿ ಅವರ ಬಿರುದುಬಾವಲಿಗಳು ಸಾಲುಸಾಲಾಗಿ ಸಿಗುತ್ತವೆ. ಬಿರುದು ಎಷ್ಟಿದ್ದರೇನು, ಮೇಲಿನ ದೊರೆಯ ಮರ್ಜಿ ಇರುವ ತನಕವೇ ಮಾಂಡಲಿಕನ ಗದ್ದುಗೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಈ ಮರ್ಜಿಯ ಆಳ್ವಿಕೆಯನ್ನು ಕೊನೆಗೊಳಿಸಬೇಕಿತ್ತು. ಆದರೆ ಅದರೊಳಗೇ 356ನೇ ವಿಧಿ ಎಂಬ ಒಂದು ಬಾಗಿಲು ಉಳಿದುಕೊಂಡಿತು. ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಯುತ್ತಿಲ್ಲ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ಸರ್ಕಾರವನ್ನು ವಜಾ ಮಾಡಬಹುದು. ಈ ವಿಧಿ ಬಳಕೆಯಾಗದೇ ಉಳಿಯಲಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಆದದ್ದೇ ಬೇರೆ. 1959ರಲ್ಲಿ ಕೇರಳದ ಇಎಂಎಸ್ ನಂಬೂದಿರಿಪಾಡ್ ಸರ್ಕಾರ ಹೋಯಿತು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಇಂದಿರಾ ಗಾಂಧಿ ಅಷ್ಟೇ ರಾಜ್ಯಗಳಲ್ಲಿ ಸೇಡು ತೀರಿಸಿಕೊಂಡರು. ದಿಲ್ಲಿಯಲ್ಲಿ ಯಾರೇ ಕೂತರೂ ರಾಜ್ಯಗಳ ಪಾಡು ಗುತ್ತರ ಪಾಡೇ ಆಗಿತ್ತು. ಇದನ್ನು ಕೋರ್ಟಿನ ಕಟಕಟೆಗೆ ಎಳೆದು ನಿಲ್ಲಿಸಿದವರು ಗುತ್ತಲದ ಸೀಮೆಯವರೇ ಆದ ಒಬ್ಬ ವಕೀಲ.

ಹುಬ್ಬಳ್ಳಿಯ ವಕೀಲಿ, ರಾಯ್ ಅವರ ವಿಚಾರ

ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರ ಜೂನ್ 6ರಂದು, ವೀರಭದ್ರೇಶ್ವರನಿಂದ ಹೆಸರಾದ ಸವಣೂರು ಭಾಗದ ಕಾರಡಗಿಯಲ್ಲಿ. ಆಗ ಇದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ. ಕಾನೂನು ಓದಿ ಹುಬ್ಬಳ್ಳಿಯಲ್ಲಿ ವಕೀಲಿ ಹಿಡಿದರು. ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿ ಸೇರಬೇಕೆಂಬ ಏಕೀಕರಣದ ಕೂಗಿಗೆ ದನಿಗೂಡಿಸಿದರು.

ಅವರನ್ನು ಓರಗೆಯ ರಾಜಕಾರಣಿಗಳಿಂದ ಬೇರೆ ಮಾಡಿದ್ದು ಎಂ. ಎನ್. ರಾಯ್ ಅವರ ಪ್ರಭಾವ. ಕಮ್ಯುನಿಸ್ಟ್ ಚಳವಳಿಯಿಂದ ಹೊರಬಂದು ನವಮಾನವತಾವಾದವನ್ನು ಕಟ್ಟಿದ ರಾಯ್, ಪಕ್ಷಕ್ಕಿಂತ ವ್ಯಕ್ತಿಯ ವಿವೇಕ ದೊಡ್ಡದು ಎಂದು ನಂಬಿದವರು. ಅವರ ಹಿಂಬಾಲಕರು ಸಂಖ್ಯೆಯಲ್ಲಿ ಎಂದೂ ದೊಡ್ಡ ಗುಂಪಲ್ಲ. ವಾದ ಮಾಡುವುದು, ಪುರಾವೆ ಕೇಳುವುದು, ಅಧಿಕಾರವನ್ನು ಅನುಮಾನದಿಂದ ನೋಡುವುದು ಅವರ ರೂಢಿ. ವಕೀಲಿಗೂ ಈ ರೂಢಿಗೂ ಚೆನ್ನಾಗಿ ಹೊಂದುತ್ತದೆ.

ಬೊಮ್ಮಾಯಿ ವಿಧಾನ ಪರಿಷತ್ತಿನಲ್ಲಿದ್ದರು. 1978, 1983 ಮತ್ತು 1985ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. 1983ರಲ್ಲಿ ರಾಮಕೃಷ್ಣ ಹೆಗಡೆ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಹೆಗಡೆ ಸಂಪುಟದಲ್ಲಿ ಬೊಮ್ಮಾಯಿ ಕೈಗಾರಿಕಾ ಮಂತ್ರಿಯಾದರು. ದೂರವಾಣಿ ಕದ್ದಾಲಿಕೆ ಆರೋಪದಿಂದ 1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟಾಗ ಪಕ್ಷ ಬೊಮ್ಮಾಯಿ ಅವರನ್ನು ಆರಿಸಿತು. ಆಗಸ್ಟ್ 13ರಂದು ಅವರು ಪ್ರಮಾಣವಚನ ತೆಗೆದುಕೊಂಡರು.

ಹತ್ತೊಂಬತ್ತು ಪತ್ರಗಳು

ಬೊಮ್ಮಾಯಿ ಏರಿದ ಕುರ್ಚಿ ಮೊದಲ ದಿನದಿಂದಲೇ ಅಲುಗಾಡುತ್ತಿತ್ತು. ಜನತಾ ಪಕ್ಷ ಮತ್ತು ಲೋಕದಳ ಕೂಡಿ ಜನತಾದಳವಾಗಿದ್ದವು. ಒಳಗೆ ಬಣಗಳು, ಹೊರಗೆ ಮಂತ್ರಿಗಿರಿಗೆ ಕಾದು ಕೂತವರು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಗಿ 13 ಮಂದಿ ಹೊಸದಾಗಿ ಸೇರಿದರು. ಜಾಗ ಸಿಕ್ಕವರು ನಕ್ಕರು, ಸಿಗದವರು ಮುನಿದರು.

ಮುಂದಿನದು ಒಂದು ವಾರದೊಳಗಿನ ಕಥೆ. ಆಳುವ ಪಕ್ಷದ ಶಾಸಕ ಕೆ. ಆರ್. ಮೊಳಕೇರಿ ಪಕ್ಷ ಬಿಟ್ಟರು. ಬೆಂಬಲ ಹಿಂತೆಗೆದುಕೊಂಡಿರುವುದಾಗಿ ಹೇಳುವ ಶಾಸಕರ 19 ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿಯೇಬಿಟ್ಟರು: ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಯಾವ ಪಕ್ಷಕ್ಕೂ ಸರ್ಕಾರ ರಚಿಸುವ ಬಲವಿಲ್ಲ. ಅದಕ್ಕೂ ಮುಂಚೆ ಮುಖ್ಯಮಂತ್ರಿಯನ್ನು ಕರೆದು ಒಂದು ಮಾತು ಕೇಳಲಿಲ್ಲ.

ಮರುದಿನವೇ ಪಟ್ಟು ಬದಲಾಯಿತು. ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ, ತಪ್ಪು ಮಾಹಿತಿ ಕೊಟ್ಟು ತಮ್ಮ ಸಹಿ ಪಡೆಯಲಾಗಿದೆ, ತಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯ ಜೊತೆ ರಾಜಭವನಕ್ಕೆ ಹೋಗಿ, ಅಧಿವೇಶನ ಕರೆಯುತ್ತೇವೆ, ಬೇಕಾದರೆ ಇನ್ನೂ ಬೇಗ ಕರೆಯುತ್ತೇವೆ, ಬಹುಮತವನ್ನು ಸದನದಲ್ಲೇ ತೋರಿಸುತ್ತೇವೆ ಎಂದರು. ಇದೇ ಮಾತನ್ನು ಟೆಲೆಕ್ಸ್ ಮೂಲಕ ರಾಷ್ಟ್ರಪತಿಗೂ ಮುಟ್ಟಿಸಿದರು. ರಾಜ್ಯಪಾಲರು ಒಪ್ಪಲಿಲ್ಲ, ಶಾಸಕರ ಮೇಲೆ ಒತ್ತಡ ಹೇರಲಾಗುತ್ತಿದೆ ಎಂದು ಇನ್ನೊಂದು ವರದಿ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ಆಗ ಪ್ರಧಾನಿ ರಾಜೀವ್ ಗಾಂಧಿ, ರಾಷ್ಟ್ರಪತಿ ಆರ್. ವೆಂಕಟರಾಮನ್.

ಇಂಥ ಹೊತ್ತಿನಲ್ಲಿ ರಾಜಕಾರಣಿ ಸಾಮಾನ್ಯವಾಗಿ ಜನರ ಮುಂದೆ ಹೋಗಿ ಅನ್ಯಾಯವಾಯಿತೆಂದು ಗೋಳಾಡುತ್ತಾನೆ, ಮುಂದಿನ ಚುನಾವಣೆಯ ಲೆಕ್ಕ ಹಾಕುತ್ತಾನೆ. ಬೊಮ್ಮಾಯಿ ಒಳಗಿನ ವಕೀಲ ಬೇರೆ ದಾರಿ ಹಿಡಿದ. ಏಪ್ರಿಲ್ 26ರಂದು, ಅಂದರೆ ವಜಾ ಆದ ಐದನೇ ದಿನ, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಬಿತ್ತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ತಳ್ಳಿಹಾಕಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು.

ಗೆದ್ದವರಿಗೆ ಏನೂ ಸಿಗದ ಗೆಲುವು

ತೀರ್ಪು ಬಂದಿದ್ದು 1994ರ ಮಾರ್ಚ್ 11ರಂದು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಕರ್ನಾಟಕದ ಜೊತೆಗೆ ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ ಪ್ರಕರಣಗಳನ್ನೂ ಕೂಡಿಸಿ ಕೇಳಿತ್ತು. ಆರು ಪ್ರತ್ಯೇಕ ಅಭಿಪ್ರಾಯಗಳ ಆ ದೀರ್ಘ ತೀರ್ಪಿನ ತಿರುಳು ಇಷ್ಟು.

ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನದ ಕೋಣೆಯಲ್ಲ. ರಾಷ್ಟ್ರಪತಿಯ ಘೋಷಣೆ ಕೋರ್ಟಿನ ಪರಿಶೀಲನೆಗೆ ಹೊರತಲ್ಲ. ಅದಕ್ಕೆ ಆಧಾರವಾದ ಸಾಮಗ್ರಿ ಸಂಬಂಧಪಟ್ಟದ್ದೇ, ದುರುದ್ದೇಶ ಇತ್ತೇ ಎಂದು ಕೋರ್ಟು ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಘೋಷಣೆ ಅಸಿಂಧುವಾದರೆ ಹೋದ ಸರ್ಕಾರವನ್ನು ಮರಳಿ ಕೂರಿಸುವ ಅಧಿಕಾರವೂ ಕೋರ್ಟಿಗೆ ಉಂಟು. ಸದನದ ಪರೀಕ್ಷೆಯನ್ನು ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗ ಮೊದಲೇ ಶಿಫಾರಸು ಮಾಡಿತ್ತು. ಶಿಫಾರಸಾಗಿದ್ದುದು ಈಗ ಕಟ್ಟಳೆಯಾಯಿತು.

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ವಜಾ ಸಂವಿಧಾನಬಾಹಿರ ಎಂದಾಯಿತು. ಅಯೋಧ್ಯೆಯ ಬಾಬ್ರಿ ಮಸೀದಿ ಧ್ವಂಸದ ನಂತರ, 1992ರ ಡಿಸೆಂಬರ್‌ನಲ್ಲಿ ಮೂರು ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದು ಮಾತ್ರ ಸರಿ, ಏಕೆಂದರೆ ಜಾತ್ಯತೀತತೆ ಸಂವಿಧಾನದ ಮೂಲರಚನೆಗೆ ಸೇರಿದ್ದು ಎಂದು ಕೋರ್ಟು ಹೇಳಿತು. ಮುಂದೆ 2021ರ ಜುಲೈನಲ್ಲಿ ಬೊಮ್ಮಾಯಿ ಅವರ ಮಗ, ಆಗ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದು ಅದೇ ಬಿಜೆಪಿಯಿಂದ. ರಾಜಕಾರಣದ ಹಾದಿ ಹೀಗೆಯೇ ತಿರುಗುತ್ತದೆ.

ತಂದೆ ಬೊಮ್ಮಾಯಿಗೆ ಈ ತೀರ್ಪಿನಿಂದ ಸಿಕ್ಕಿದ್ದೇನು? ಕುರ್ಚಿಯಂತೂ ಅಲ್ಲ. 1989ರ ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದರು. ಜನತಾದಳಕ್ಕೆ ದಕ್ಕಿದ್ದು 24. ಕೋರ್ಟು ನ್ಯಾಯ ಹೇಳುವ ಹೊತ್ತಿಗೆ ಮರಳಿ ಕೂರಿಸಲು ಸರ್ಕಾರವೂ ಇರಲಿಲ್ಲ, ಆ ವಿಧಾನಸಭೆಯೂ ಇರಲಿಲ್ಲ. ಬೊಮ್ಮಾಯಿ ಅಷ್ಟರಲ್ಲಿ ಜನತಾದಳದ ರಾಷ್ಟ್ರೀಯ ಅಧ್ಯಕ್ಷರಾಗಿದ್ದರು. 1996ರಲ್ಲಿ ಹವಾಲಾ ಪ್ರಕರಣದಲ್ಲಿ ಹೆಸರು ಕೇಳಿಬಂದಾಗ ಆ ಹುದ್ದೆ ಬಿಟ್ಟರು. ಮುಂದೆ ದೇವೇಗೌಡ ಮತ್ತು ಗುಜ್ರಾಲ್ ಸರ್ಕಾರಗಳಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾದರು. 2007ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಫಲ ಉಂಡವರು ಬೇರೆಯವರು. 2016ರಲ್ಲಿ ಉತ್ತರಾಖಂಡದಲ್ಲಿ ಕೋರ್ಟಿನ ಆದೇಶದ ಮೇರೆಗೆ ಸದನದಲ್ಲಿ ಎಣಿಕೆಯಾಗಿ ಮುಖ್ಯಮಂತ್ರಿ ಹರೀಶ್ ರಾವತ್ ಅಧಿಕಾರಕ್ಕೆ ಮರಳಿದರು. ಅದೇ ವರ್ಷ ಅರುಣಾಚಲದ ಹಿಂದಿನ ಸರ್ಕಾರವನ್ನು ಸುಪ್ರೀಂ ಕೋರ್ಟು ಮರಳಿ ಕೂರಿಸಿತು. ಇವೆರಡರಲ್ಲೂ ಲಾಭ ಪಡೆದದ್ದು ಕಾಂಗ್ರೆಸ್, 1989ರಲ್ಲಿ ಬೊಮ್ಮಾಯಿ ಅವರನ್ನು ಇಳಿಸಿದ ಪಕ್ಷ. 2018ರಲ್ಲಿ ನಮ್ಮಲ್ಲೇ ಬಹುಮತ ತೋರಿಸಲು ಯಡಿಯೂರಪ್ಪ ಅವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಕೋರ್ಟು ಅದನ್ನು ಕಡಿತಗೊಳಿಸಿ ಮೇ 19ರಂದೇ ಎಣಿಕೆ ನಡೆಸಲು ಹೇಳಿತು. ಮತಕ್ಕೆ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು.

ತೀರ್ಪು ತಲುಪದ ಜಾಗ

ಬೊಮ್ಮಾಯಿ ಪ್ರಕರಣವನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿದ್ದದ್ದು ಸದನದಲ್ಲೇ, ಎಣಿಕೆಯಿಂದಲೇ: 99ಕ್ಕೆ 105. ನಿಯಮದ ಪ್ರಕಾರ ಎಲ್ಲವೂ ಸರಿ. ಆದರೆ ಅದಕ್ಕೂ ಮುಂಚೆ ಶಾಸಕರು ಮುಂಬೈನ ಹೋಟೆಲಿನಲ್ಲಿ, ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ದಿನ ಕಳೆದಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ದಿಲ್ಲಿಯಿಂದ ಸರ್ಕಾರ ಕೆಡವುವುದು ಕಷ್ಟವಾದ ಮೇಲೆ, ಒಳಗಿನಿಂದಲೇ ಕೆಡವುವ ಕಲೆ ಬೆಳೆಯಿತು. 1989ರ ಆ ಹತ್ತೊಂಬತ್ತು ಪತ್ರಗಳಲ್ಲಿ ಈ ಕಾಯಿಲೆಯ ಬೀಜವೂ ಇತ್ತು. ಸಹಿ ಹಾಕಿದವರಲ್ಲಿ ಏಳು ಮಂದಿ ವರದಿ ಹೋದ ಮರುದಿನವೇ ಹಿಂದೆ ಸರಿದರೆಂದರೆ, ಶಾಸಕರ ಮಾತಿಗೆ ಎಷ್ಟು ಬೆಲೆ ಇತ್ತು ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ತಲೆ ಎಣಿಸಬೇಕಾದ ಜಾಗ ಯಾವುದೆಂದು ಸುಪ್ರೀಂ ಕೋರ್ಟು ಹೇಳಬಲ್ಲದು, ಎಣಿಸಿಕೊಳ್ಳಲು ನಿಂತವರಿಗೆ ನಿಯತ್ತು ಕಲಿಸಲಾರದು. ಕಾರಡಗಿಯ ವಕೀಲ ತನ್ನ ಪಾಲಿನ ಕೆಲಸವನ್ನು ಐದು ವರ್ಷ ಕಾದು, ತನಗೇನೂ ಸಿಗದಿದ್ದರೂ ಮುಗಿಸಿಕೊಟ್ಟ. ಉಳಿದರ್ಧ ಮತದಾರರ ಪಾಲಿನದು. ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿ ಬಂದವರು ಉಪಚುನಾವಣೆಯಲ್ಲಿ ಮತ್ತೆ ಕೈಮುಗಿದು ನಿಂತಾಗ, ಗುತ್ತಲವಿರಲಿ, ರಾಣೆಬೆನ್ನೂರಿರಲಿ, ತೀರ್ಪು ಬರೆಯುವ ಅಧಿಕಾರ ಇರುವುದು ಮತಗಟ್ಟೆಯಲ್ಲಿ ಸಾಲು ನಿಂತವರಿಗೆ.