ಹಡಗಿನ ಹೆಸರು ಗೊತ್ತೇ?

ಹತ್ತನೆಯ ತರಗತಿಗೆ ಮೆಂಡಲನ ಪಾಠ ಮಾಡುವಾಗ ಒಮ್ಮೆ ಮಕ್ಕಳಿಗೆ ತಮ್ಮ ಮುತ್ತಜ್ಜನ ಹೆಸರು ಬರೆಯಲು ಹೇಳಿದೆ. ಬರೆದವರು ಬೆರಳೆಣಿಕೆಯಷ್ಟು. ಅವರನ್ನು ದೂರುವಂತಿಲ್ಲ, ನನಗೂ ನನ್ನ ಮುತ್ತಜ್ಜನ ಹೆಸರಿಗಿಂತ ಹೆಚ್ಚೇನೂ ತಿಳಿಯದು. ಆದರೆ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ದುಡಿದ ಸಾಮಾನ್ಯ ನಾವಿಕನ ಮರಿಮಕ್ಕಳು ಆತನ ಎತ್ತರ, ಕಣ್ಣಿನ ಬಣ್ಣ, ತೋಳಿನ ಹಚ್ಚೆಯವರೆಗೆ ತಿಳಿಯಬಲ್ಲರು!

ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಕಡತಗಳಿವೆ. ಹುಡುಕಾಟಕ್ಕೆ 1853 ಒಂದು ಗಡಿ. ಅದಕ್ಕೂ ಮೊದಲು ನಾವಿಕ ಸೇರುತ್ತಿದ್ದುದು ಪಡೆಗಲ್ಲ, ಒಂದು ಹಡಗಿಗೆ. ಆ ಯಾನ ಮುಗಿದರೆ ಸಂಬಳ ಎಣಿಸಿಕೊಂಡು ಹೊರಡುವುದು. ಆದ್ದರಿಂದ ಹಡಗಿನ ಹೆಸರು ಗೊತ್ತಿಲ್ಲದಿದ್ದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆಯೇ. ಗೊತ್ತಿದ್ದರೆ ಅದರ ಹಾಜರಿ ಪುಸ್ತಕದಲ್ಲಿ ವಯಸ್ಸು, ಹುಟ್ಟೂರು ಸಿಗುತ್ತವೆ. 1853ರಿಂದ ನಿರಂತರ ಸೇವೆಯ ಪದ್ಧತಿ ಬಂತು. ಸೇರಿದವನಿಗೊಂದು ಸಂಖ್ಯೆ, ಜನ್ಮದಿನ, ಮೈಬಣ್ಣ, ಗುರುತಿನ ಮಚ್ಚೆ ಎಲ್ಲವೂ ಒಂದೇ ಹಾಳೆಯಲ್ಲಿ.

ಹೆಂಡತಿ ಮಕ್ಕಳ ಸುಳಿವು ಸಿಗುವುದು ಬೇರೆ ಕಡೆ. ನಾವಿಕರ ಮಕ್ಕಳಿಗಾಗಿ ಗ್ರೀನಿಚ್‌ನಲ್ಲಿ ಶಾಲೆಯೊಂದಿತ್ತು. ಅದರ ಪ್ರವೇಶದ ಅರ್ಜಿಯೊಂದಿಗೆ ತಂದೆಯ ಸೇವಾ ವಿವರ, ತಾಯಿತಂದೆಯರ ಮದುವೆಯ ಪ್ರಮಾಣಪತ್ರ, ಮಗುವಿನ ಜ್ಞಾನಸ್ನಾನದ ಪತ್ರ ಲಗತ್ತಿಸಬೇಕಿತ್ತು. ಶಾಲೆಯ ಅರ್ಜಿ ತುಂಬುವಾಗ ಗೊಣಗುವ ಪಾಲಕರು ಇದನ್ನು ಗಮನಿಸಬೇಕು!

ಇನ್ನು ನಮ್ಮ ದೇಶಕ್ಕೂ ಬಂದಿದ್ದ ಒಬ್ಬನನ್ನು ನೋಡೋಣ. ವಿಲಿಯಂ ಹಾಲ್ ಕೆನಡಾದ ನೋವಾ ಸ್ಕೋಷಿಯಾದ ಹಾರ್ಟನ್‌ನವನು, ಕರಿಯ ಜನಾಂಗದವನು. 1852ರಲ್ಲಿ ನೌಕಾಪಡೆ ಸೇರಿ 'ರಾಡ್ನಿ' ಹಡಗಿನಲ್ಲಿ ಕ್ರೈಮಿಯ ಯುದ್ಧ ಕಂಡ. ಮುಂದೆ 'ಶಾನನ್' ಹಡಗಿನಲ್ಲಿ ಕಲ್ಕತ್ತೆಗೆ ಬಂದ. ಹಡಗಿನ ಫಿರಂಗಿಗಳನ್ನೇ ಇಳಿಸಿ, ಗಂಗೆಯ ಮೇಲೆ ಅಲಹಾಬಾದಿಗೆ, ಅಲ್ಲಿಂದ ಲಖನೌಗೆ ಸಾಗಿಸಿದರು. 1857ರ ನವೆಂಬರ್ 16ರಂದು ಷಾ ನಜಾಫ್ ಗೋಡೆಯ ಮುಂದೆ ಆತನ ಫಿರಂಗಿಯ ತಂಡದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಉಳಿದವರು ಹಾಲ್ ಮತ್ತು ಲೆಫ್ಟಿನೆಂಟ್ ಥಾಮಸ್ ಯಂಗ್. ಗೋಡೆ ಒಡೆಯುವವರೆಗೆ ಇಬ್ಬರೇ ಗುಂಡು ಹಾರಿಸಿದರು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು.

ಗೋಡೆಯ ಒಳಗಿದ್ದವರು ನಮ್ಮ ಸಿಪಾಯಿಗಳು. ಅವರ ಎತ್ತರ, ಹುಟ್ಟೂರು ಬರೆದಿಟ್ಟ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಲ್‌ನ ಸಾಹಸ ಓದುವಾಗಲೆಲ್ಲ ಮನಸ್ಸು ಅತ್ತಲೂ ಹೋಗುತ್ತದೆ.

ಇಷ್ಟು ಪ್ರಸಿದ್ಧನಾದವನ ಹುಟ್ಟಿದ ವರ್ಷವೇ ಒಂದು ಕಡೆ 1827, ಇನ್ನೊಂದು ಕಡೆ 1829. ಲೋಲಕದ ಪ್ರಯೋಗದಲ್ಲಿ ಎರಡು ಅಳತೆ ಬಂದರೆ ಮಕ್ಕಳು ಸರಾಸರಿ ತೆಗೆದು ಕೈತೊಳೆದುಕೊಳ್ಳುತ್ತಾರೆ. ವಂಶದ ಹುಡುಕಾಟದಲ್ಲಿ ಹಾಗೆ 1828 ಎಂದು ಬರೆಯುವಂತಿಲ್ಲ! ಯಾವ ದಾಖಲೆ ಘಟನೆಗೆ ಹತ್ತಿರದ್ದು, ಬರೆಸಿದವರು ಯಾರು ಎಂದು ಕೇಳಬೇಕು. ಕೆಲಸ ಗಿಟ್ಟಿಸಲು ವಯಸ್ಸು ತಿದ್ದುವುದು ನಮ್ಮಲ್ಲಿ ಮಾತ್ರ ಇದ್ದ ಚಾಳಿಯಲ್ಲ.

1876ರಲ್ಲಿ ನಿವೃತ್ತನಾದ ಹಾಲ್ ಊರಿಗೆ ಮರಳಿ ಸೋದರಿಯರೊಂದಿಗೆ ಬೇಸಾಯ ಮಾಡಿಕೊಂಡಿದ್ದ. 1904ರಲ್ಲಿ ತೀರಿಕೊಂಡಾಗ ಗೋರಿಗೊಂದು ಕಲ್ಲೂ ಇರಲಿಲ್ಲ. ದಶಕಗಳ ಬಳಿಕ ಹ್ಯಾಂಟ್ಸ್‌ಪೋರ್ಟಿನ ಚರ್ಚಿನ ಅಂಗಳದಲ್ಲಿ ಮರಳಿ ಹೂಳಿದರು. 2010ರಲ್ಲಿ ಕೆನಡಾ ಅಂಚೆಚೀಟಿ ಹೊರಡಿಸಿತು.

ಆತನ ತಾಯಿತಂದೆ ಜೇಕಬ್ ಮತ್ತು ಲೂಸಿ ಅಮೆರಿಕದ ಗುಲಾಮಗಿರಿಯಿಂದ ಬಿಡಿಸಿಕೊಂಡು, 1812ರ ಯುದ್ಧದ ಕಾಲದಲ್ಲಿ ನೋವಾ ಸ್ಕೋಷಿಯಾ ಸೇರಿದವರು. ಅವರಿಗಿಂತ ಹಿಂದೆ ಹೋಗಲು ಸೇವಾ ಪುಸ್ತಕಗಳು ಸಾಲವು. ಗುಲಾಮರನ್ನು ಒಡೆಯರು ಬರೆದಿಡುತ್ತಿದ್ದುದು ಆಸ್ತಿಯ ಪಟ್ಟಿಯಲ್ಲಿ, ದನ ಕರು ಕುದುರೆಗಳ ಜೊತೆ; ಎಷ್ಟೋ ಸಲ ಒಂದೇ ಒಂದು ಹೆಸರು, ಪಕ್ಕದಲ್ಲಿ ಬೆಲೆ.