ಬಿಟ್ಟ ಮೀನಿನ ಲೆಕ್ಕ

ಗಾಳ ಹಾಕಿ ಕುಳಿತವನನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ. ಹೆಬ್ಬಾಳದ ಕೆರೆಯ ಅಂಚಿನಲ್ಲಿ ಅಂಥ ಒಬ್ಬಿಬ್ಬರು ಕೆಲವು ದಿನ ಕಣ್ಣಿಗೆ ಬೀಳುತ್ತಾರೆ. ಮೇಲುಸೇತುವೆಯ ಮೇಲೆ ಊರಿಗೆ ಊರೇ ವಿಮಾನ ತಪ್ಪೀತೆಂದು ಓಡುತ್ತಿರುವಾಗ ಇವರು ಬೆಂಡನ್ನೇ ನೋಡುತ್ತ ಕುಳಿತಿರುತ್ತಾರೆ. ಅವರ ತಾಳ್ಮೆಗೆ ಅರ್ಥವುಂಟು. ಮೀನು ಬಿದ್ದರೆ ಸಂಜೆಯ ಸಾರಿಗಾಯಿತು. ಆದರೆ ಸಾರಿಗೆ ಹೋಗದ ಮೀನಿಗಾಗಿ ಸಾವಿರಾರು ಮೈಲಿ ದೂರ ಹೋಗುವವರೂ ಇದ್ದಾರೆಂಬುದು ನನಗೆ ತಿಳಿದದ್ದು ನನ್ನ ಅಕ್ಕನ ಮಗನಿಂದ.

ಅವನು ಕೆನಡಾದಲ್ಲಿದ್ದಾನೆ. ಕಳೆದ ಡಿಸೆಂಬರಿನಲ್ಲಿ ಯಲಹಂಕದ ಮನೆಗೆ ತಾಯಿಯನ್ನು ನೋಡಲು ಬಂದಾಗ, ಉತ್ತರಧ್ರುವದ ಕಡೆಯ ಒಂದು ಮೀನುಶಿಬಿರಕ್ಕೆ ಹೋಗಿ ಬಂದ ಚಿತ್ರಗಳನ್ನು ತೋರಿಸಿದ. ಅಲ್ಲಿಗೆ ರಸ್ತೆಯಿಲ್ಲ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ. ಮರವೆಂಬುದು ಇಲ್ಲವೇ ಇಲ್ಲ. ಬೇಸಗೆಯಲ್ಲಿ ಸೂರ್ಯ ಮುಳುಗುವುದನ್ನೇ ಮರೆತಿರುತ್ತಾನೆ. ಅಲ್ಲಿನ ಮೀನಿಗೆ ಆರ್ಕ್ಟಿಕ್ ಚಾರ್ ಎಂದು ಹೆಸರು. ಸಿಹಿನೀರಿನ ಮೀನುಗಳಲ್ಲಿ ಇದರಷ್ಟು ಉತ್ತರಕ್ಕೆ ಹೋಗಿ ಬಾಳುವುದು ಬೇರೊಂದಿಲ್ಲ. ಬೇಸಗೆಯಲ್ಲಿ ಕಡಲಿಗಿಳಿದು ಮೇದು, ಚಳಿಗೆ ಮುನ್ನ ಹೊಳೆಗೆ ಮರಳುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಅದರ ಹೊಟ್ಟೆ ಕುಂಕುಮದಂತೆ ಕೆಂಪಾಗುತ್ತದೆ. ಗಾಳಕ್ಕೆ ಎರೆಹುಳುವಿನ ಬದಲು ಗರಿ ನೂಲುಗಳಿಂದ ಕಟ್ಟಿದ ಹುಸಿನೊಣ. 1981ರಲ್ಲಿ ಅಲ್ಲಿನ ಟ್ರೀ ನದಿಯಲ್ಲಿ ಒಬ್ಬನ ಗಾಳಕ್ಕೆ ಮೂವತ್ತೆರಡು ಪೌಂಡಿಗೂ ಮೀರಿದ ಚಾರ್ ಬಿದ್ದಿತಂತೆ. ಇಂದಿಗೂ ಗಾಳದವರು ಅದನ್ನೇ ಹೇಳಿಕೊಳ್ಳುತ್ತಾರೆ.

ಎಲ್ಲವನ್ನೂ ಕೇಳಿದ ಅಕ್ಕ, "ಹಿಡಿದದ್ದನ್ನು ಏನು ಮಾಡಿದೆಯೋ?" ಎಂದಳು.

"ತೂಕ ನೋಡಿ ಬಿಟ್ಟುಬಿಟ್ಟೆ ಅಮ್ಮ. ಅಲ್ಲಿ ಹಾಗೆಯೇ."

"ಬಿಡೋದಕ್ಕೆ ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾಗಿತ್ತೇನೋ?"

ನಾನೂ ನಕ್ಕೆ. ಆ ಸೀಮೆಯ ಮೂಲನಿವಾಸಿಗಳಾದ ಇನ್ಯುಟ್ ಜನ ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ, ಮೂರು ಮೊನೆಯ ಈಟಿಯಿಂದ ಈ ಮೀನನ್ನು ಹಿಡಿದು ಚಳಿಗಾಲಕ್ಕೆ ಒಣಗಿಸಿ ಇಟ್ಟುಕೊಳ್ಳುತ್ತಿದ್ದವರು. ಅವರ ಈಗಿನ ರಾಜಧಾನಿ ಇಕಾಲುಯಿಟ್. ಮೀನು ಹೇರಳವಾಗಿರುವ ಎಡೆ ಎಂದೇ ಆ ಹೆಸರಿನ ಅರ್ಥ. ಹಸಿದವನು ಮೀನು ಹಿಡಿಯುವುದು ಬಾಳು. ಉಂಡವನು ಹಿಡಿದು ಬಿಡುವುದು ಬರಿಯ ಆಟ ಎಂಬುದು ಆಗ ನನ್ನ ತೀರ್ಮಾನವಾಗಿತ್ತು.

ಆದರೆ ಕನ್ನಡದ ಮೇಷ್ಟರು ಹಳೆಯ ಪುಸ್ತಕವನ್ನು ತೆಗೆಯದೆ ಸುಮ್ಮನಿರುವುದುಂಟೆ? ಆ ಆಟ ನಮ್ಮವರಿಗೂ ಹೊಸದಲ್ಲವೆಂದು ನಾನೇ ಹೇಳಬೇಕಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ವಿನೋದಗಳ ಭಾಗದಲ್ಲಿ 'ಮತ್ಸ್ಯವಿನೋದ'ವೆಂಬ ಪ್ರಕರಣವೇ ಇದೆ. ಕಡಲಿನ ಮೀನು ಯಾವುದು, ಹೊಳೆಯದು ಯಾವುದು, ಯಾವುದಕ್ಕೆ ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅರಸು ವಿವರಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದ ಮೇಲೆ ವಿದ್ವಾಂಸರ ಗಮನ ಅತ್ತ ಹರಿಯಿತು.

"ಹಾಗಾದರೆ ನಮ್ಮ ಮಹಶೀರ್ ಮೀನನ್ನು ನೋಡಿ ಬರೋಣ, ಮಾವ" ಎಂದು ಹುಡುಗ ಎದ್ದೇಬಿಟ್ಟ.

ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರು ಹೋದರೆ ಕಾವೇರಿಯ ದಡದಲ್ಲಿ ಮುತ್ತತ್ತಿ. ಅದರ ಹತ್ತಿರವೇ ಭೀಮೇಶ್ವರಿ. ಸೀತೆಯ ಮೂಗಿನ ಮುತ್ತು ಹೊಳೆಗೆ ಬೀಳಲು ಆಂಜನೇಯ ಬಾಲ ಇಳಿಸಿ ಅದನ್ನೆತ್ತಿ ಮುತ್ತೆತ್ತರಾಯನಾದನೆಂದು ಇಲ್ಲಿನ ಸ್ಥಳಪುರಾಣ. ಈ ಮಡುಗಳಲ್ಲಿ ಮೊದಲು ಗಾಳ ಹಾಕಿದವನು ಅವನೇ ಎನ್ನೋಣ. 1980ರಲ್ಲಿ ಸ್ಥಾಪಿತವಾದ, ನಮ್ಮ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಮೀನುಶಿಬಿರಗಳನ್ನು ನಡೆಸುತ್ತಿತ್ತು. ದೇಶದೇಶಗಳಿಂದ ಗಾಳದವರು ಬರುತ್ತಿದ್ದರು. ಅವರನ್ನು ಕರೆತಂದದ್ದು ಈ ಮೀನಿನ ಗಾತ್ರ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು ನೂರಿಪ್ಪತ್ತು ಪೌಂಡು, ಎಂದರೆ ಐವತ್ತನಾಲ್ಕು ಕಿಲೋ! ಆರ್ಕ್ಟಿಕ್ಕಿನ ದಾಖಲೆಯ ಮೀನು ಇದರ ಮುಂದೆ ಹಸುಳೆ. ಮೇವಾದರೂ ಏನು? ಪರದೇಶದ ದೊರೆಗಳ ಬೆಲೆಬಾಳುವ ಗಾಳಕ್ಕೆ ನಮ್ಮ ರಾಗಿಹಿಟ್ಟಿನ ಉಂಡೆ. ಶಿಬಿರದ ನಿಯಮ ಮಾತ್ರ ಹುಡುಗ ಹೇಳಿದ್ದೇ: ಹಿಡಿ, ತೂಗು, ಬರೆ, ಬಿಡು.

ಈಗ ಅಲ್ಲಿ ಗಾಳವಿಲ್ಲ. ಆ ಕಾಡು 1987ರಿಂದ ಕಾವೇರಿ ವನ್ಯಧಾಮ. ಹಿಡಿದು ಬಿಟ್ಟರೂ ಹಿಡಿದಂತೆಯೇ ಎಂದು ವನ್ಯಜೀವಿ ಕಾನೂನನ್ನು ಅರ್ಥಮಾಡಿ, 2010ರ ದಶಕದ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ನಮಗೆ ದೊರೆತದ್ದು ಹರಿಗೋಲಿನ ಸುತ್ತು ಮಾತ್ರ. ಹುಟ್ಟು ಹಾಕುತ್ತಿದ್ದ ಮುದುಕ ಹಿಂದೆ ಗಾಳದವರ ಜೊತೆಗಿದ್ದವನು. ಹುಡುಗ ದೊಡ್ಡ ಮೀನಿನ ಕಥೆ ಕೇಳಿದ. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ದೊಡ್ಡೋವೇ ಬೀಳ್ತಿದ್ವು ಬುದ್ಧಿ. ಬರ್‍ತಾ ಬರ್‍ತಾ ಇನ್ನೂ ದೊಡ್ಡೋವು. ಬಂದೋರು ಕುಣಿಯೋರು. ಆದರೆ ಆ ಡುಬ್ಬದ ಮೀನಿಂದು ಮರಿ ಅನ್ನೋದು ನಮ್ಮ ಕಣ್ಣಿಗೆ ಬೀಳೋದೇ ನಿಂತೋಯ್ತು. ಸಣ್ಣವು ಬಿದ್ದರೆ ನೀಲಿ ರೆಕ್ಕೇವು."

ಆ ಮಾತಿನ ತೂಕ ನನಗೆ ಅಲ್ಲಿ ತಿಳಿಯಲಿಲ್ಲ. ಮರಳಿದ ಮೇಲೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರು ಅದನ್ನು ಬಿಡಿಸಿ ಹೇಳಿದರು. 1998ರಿಂದ 2012ರವರೆಗೆ ಗಾಲಿಬೋರೆಯ ಶಿಬಿರದಲ್ಲಿ ಗಾಳದವರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು 2015ರಲ್ಲಿ ಪರಿಶೀಲಿಸಿ ಪ್ರಕಟಿಸಿದರಂತೆ. ಹಿಡಿದು ಬಿಟ್ಟ ಮಹಶೀರ್ 6,161. ಅದಕ್ಕೆ ಕಾದ ಹೊತ್ತು ಸುಮಾರು 23,620 ಗಂಟೆ. ಕಾವೇರಿಯ ಸ್ವಂತದ್ದಾದ ಡುಬ್ಬದ ಮಹಶೀರ್ ವರ್ಷವರ್ಷಕ್ಕೂ ಎಣಿಕೆಯಲ್ಲಿ ಇಳಿಯುತ್ತ, ಸರಾಸರಿ ತೂಕದಲ್ಲಿ ಏರುತ್ತ ಹೋಗಿತ್ತು. ಅದರ ಎಡೆಯಲ್ಲಿ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತ್ತು. ಈ ಎರಡನೆಯದು ಕಾವೇರಿಯದಲ್ಲ. ಹಿಂದಿನ ಶತಮಾನದ ಕೊನೆಯ ದಶಕಗಳಲ್ಲಿ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಒಳ್ಳೆಯದಾಗಲೆಂದೇ ತಂದು ಈ ನೀರಿಗೆ ಬಿಟ್ಟಿದ್ದರು. ಅದೊಂದೇ ಕಾರಣವೆನ್ನಲಾಗದು; ಅಣೆಕಟ್ಟು, ತೋಟೆ, ವಿಷ, ಮರಳು ತೆಗೆಯುವವರ ಗುದ್ದಲಿ, ಎಲ್ಲಕ್ಕೂ ಪಾಲುಂಟು.

ಮೀನು ದೊಡ್ಡದಾಗುತ್ತಿದೆಯೆಂದು ಎಲ್ಲರೂ ಹಿಗ್ಗುತ್ತಿದ್ದಾಗ ನಿಜವಾಗಿ ಆಗುತ್ತಿದ್ದದ್ದು ಇಷ್ಟು: ಮರಿಗಳಿಲ್ಲದೆ ಮುದಿಮೀನುಗಳಷ್ಟೇ ಉಳಿಯುತ್ತಿದ್ದವು. ಹಿರಿಯರು ಮಾತ್ರ ಉಳಿದ ಮನೆ ಬೀದಿಗೆ ಎಷ್ಟು ಗಂಭೀರವಾಗಿ ಕಾಣುತ್ತದೆ! ಅಂಥ ಮನೆಗಳು ನಮ್ಮ ಯಲಹಂಕದ ಬೀದಿಯಲ್ಲಿಯೂ ಉಂಟು, ಅಕ್ಕನದೂ ಒಂದು.

ಇನ್ನೊಂದು ವಿಡಂಬನೆ ಕೇಳಿ. ನೂರಾರು ವರ್ಷ ಹೆಸರಾಂತ ಈ ಮೀನಿಗೆ ಶಾಸ್ತ್ರದಲ್ಲಿ ಖಚಿತವಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ 2007ರಲ್ಲಿ ಗುರುತಿಸಿ 'ಟಾರ್ ರಮಾದೇವಿ' ಎಂದು ಕರೆದ ಮೀನೂ ಇದೂ ಒಂದೇ ಎಂದು ಸಿದ್ಧವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರ ಹತ್ತಿರವಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣಕ್ಕೆಂದು ತೊಟ್ಟಿಲ ಬಳಿಗೆ ಹೋದವರಿಗೆ ಕಂಡದ್ದು ಮರಣಶಯ್ಯೆ. ಅದೀಗ ನೆಮ್ಮಿಕೊಂಡಿರುವ ಮುಖ್ಯ ನೆಲೆ ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆ.

ಬಿಡುವುದಕ್ಕೆ ಹಿಡಿಯುವುದು ಆಟವೆಂದು ನಕ್ಕಿದ್ದೆನಷ್ಟೆ? ಆ ಆಟದವರು ಬರೆದಿಡದಿದ್ದರೆ ಒಂದು ಕುಲ ನಮ್ಮ ನದಿಯಿಂದ ಜಾರುತ್ತಿದ್ದುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಗಾಳ ನಿಂತೊಡನೆ ಆ ಲೆಕ್ಕವೂ ನಿಂತಿತು. ಗಾಳವನ್ನು ಮತ್ತೆ ತರಬೇಕೆಂದು ನಾನು ವಾದಿಸುತ್ತಿಲ್ಲ. ಮೀನಿನ ಬಾಯ ನೋವನ್ನು ಮೀನೇ ಬಲ್ಲದು. ಕಾಯುತ್ತೇವೆಂದು ಬೇಲಿ ಹಾಕಿದ ಮೇಲೆ ಒಳಗಿರುವುದನ್ನು ಎಣಿಸುವ ಹೊಣೆಯೂ ನಮ್ಮದೆಂದಷ್ಟೇ ಹೇಳುವುದು. ಎಣಿಸುವವರು ಆ ಮುದುಕನಂಥವರನ್ನು ಮೊದಲು ಕೇಳಬೇಕು.

ಹುಡುಗ ಕೆನಡಾಕ್ಕೆ ಹಿಂದಿರುಗಿದ. ಅವನನ್ನು ವಿಮಾನಕ್ಕೆ ಬಿಟ್ಟು ಕೆಲಸದ ಮೇಲೆ ಹೆಬ್ಬಾಳದ ಕಡೆ ಹೋದ ದಿನ ಕೆರೆಯ ಅಂಚಿನಲ್ಲಿ ಒಬ್ಬ ಗಾಳ ಹಾಕಿ ಕುಳಿತಿದ್ದ. ಹತ್ತಿರ ಹೋಗಿ, "ಏನಪ್ಪ, ಸಣ್ಣವೂ ಬೀಳುತ್ತವೆಯೋ?" ಎಂದೆ.

ಅವನು ತಲೆಯೆತ್ತಿ ನೋಡಿದ. "ಎಲ್ಲರೂ ದೊಡ್ಡದು ಬಿತ್ತಾ ಅಂತ ಕೇಳ್ತಾರೆ ಸಾರ್," ಎಂದು ನಕ್ಕು, ಬುಟ್ಟಿಯನ್ನು ನನ್ನತ್ತ ಓರೆ ಮಾಡಿದ. ಒಳಗೆ ಬೆರಳುದ್ದದವು ನಾಲ್ಕೈದಿದ್ದವು. ನನಗೆ ಸಮಾಧಾನವಾಯಿತು.