ಬಿಲ್ ಬರೆದವರೇ ಮಂಜೂರು ಮಾಡಿದರೆ

ಕಚೇರಿಯ ಸಾಫ್ಟ್‌ವೇರ್‌ನಲ್ಲಿ ಅಧಿಕಾರ ಕೊಡಬೇಕಾದ್ದು ಕೆಲಸವನ್ನು ನೋಡಿ. ಬಿಲ್ ನಮೂದಿಸುವುದು ಒಂದು ಪಾತ್ರ, ಮಂಜೂರು ಮಾಡುವುದು ಇನ್ನೊಂದು, ಹಣ ಬಿಡುಗಡೆ ಮತ್ತೊಂದು. ನೌಕರರಿಗೆ ವರ್ಗವಾದಾಗ ಹಳೆಯ ಪಾತ್ರ ಕಳಚಿ ಹೊಸದನ್ನು ಕೊಡಬೇಕು. ಆಗುವುದೇ ಬೇರೆ: ಹೊಸದು ಸೇರುತ್ತದೆ, ಹಳೆಯದು ಉಳಿದುಬಿಡುತ್ತದೆ, ಕೆಲವು ವರ್ಷಗಳಲ್ಲಿ ಒಬ್ಬರ ಲಾಗಿನ್‌ನಲ್ಲೇ ಇಡೀ ಕಚೇರಿಯ ಬೀಗದ ಕೈ ಸೇರಿರುತ್ತದೆ. ಇದೆಷ್ಟು ಅಪಾಯಕಾರಿ ಎಂಬುದಕ್ಕೆ 1762ರಲ್ಲಿ ಹುಟ್ಟಿದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಸಾಕ್ಷಿ. ಅದರ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ ವಹಿವಾಟನ್ನೂ ಮಾಡುತ್ತಿದ್ದ; ಆ ವಹಿವಾಟಿನ ಲೆಕ್ಕ ಚುಕ್ತಾ ಮಾಡುವ ವಿಭಾಗವೂ ಅವನ ಕೈಕೆಳಗೇ ಇತ್ತು. ನಷ್ಟವನ್ನು 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ. 1995ರಲ್ಲಿ ಅದು ಬಯಲಾದಾಗ ನಷ್ಟ 80 ಕೋಟಿ ಪೌಂಡ್ ದಾಟಿತ್ತು. ಬ್ಯಾಂಕ್ ಒಂದು ಪೌಂಡಿಗೆ ಮಾರಾಟವಾಯಿತು.

ನಾಲ್ಕೇ ಜನರಿರುವ ಸಹಕಾರ ಸಂಘದಲ್ಲಿ ಇಷ್ಟು ಪಾತ್ರ ಹಂಚುವುದು ಹೇಗೆ, ಮೇಲಿನವರು ರಜೆ ಹಾಕಿದರೆ ಬಿಲ್ ಕೊಳೆಯಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಬ್ಬರು ಎರಡು ಮೂರು ಪಾತ್ರ ಹೊರಲಿ, ತೊಂದರೆಯಿಲ್ಲ. ಆದರೆ ತಾವೇ ನಮೂದಿಸಿದ ಬಿಲ್ಲನ್ನು ತಾವೇ ಮಂಜೂರು ಮಾಡಲು ಹೊರಟರೆ ಸಾಫ್ಟ್‌ವೇರ್ ತಡೆಯಬೇಕು. ರಜೆಯ ಬದಲಿ ಅಧಿಕಾರ ಸೋಮವಾರ ಶುರುವಾಗಿ ಶುಕ್ರವಾರ ಸಂಜೆ ತಾನಾಗಿ ಮುಗಿಯಲಿ, ಒಪ್ಪಿದವರ ಹೆಸರು ದಾಖಲಾಗಲಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಹೋದರೆ, ಯಾರು ಒಪ್ಪಿದರೆಂಬುದು ಲೆಕ್ಕ ತಪಾಸಣೆಯಲ್ಲೂ ತಿಳಿಯುವುದಿಲ್ಲ.